ಖುಲ್ದಾಬಾದಿಗೆ ಅವ್ವನನ್ನು ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ಜೋಳದರೊಟ್ಟಿ:

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ನಮ್ಮ ಅವ್ವನಿಗೆ ಈಗ 68. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳಿಗೆ ಸೋಮವಾರ ಶರಣಬಸಪ್ಪನ ಗುಡಿ, ಗುರುವಾರ ಸೂಫಿ ಸಂತ ಬಂದೇನವಾಜರ ದರ್ಗಾ. ನನ್ನ ತಮ್ಮ ಹುಟ್ಟಿದಾಗ ಉಳಿಯುವುದು ಕಷ್ಟ ಅಂತ ಹೇಳಿದ್ದರಂತೆ, ಆಗ ಅಜ್ಜಿ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದು ಮಗುವಿನ ನಾಲಿಗೆಗೆ ಇಟ್ಟಿದ್ದರು. ತಮ್ಮ ಈಗ ಪುಣೆಯಲ್ಲಿ ಇಂಜಿನಿಯರ್. ಅವ್ವ ಆ ಗುರುವಾರ ಇನ್ನೂ ಬಿಟ್ಟಿಲ್ಲ.

ಹೋದ ತಿಂಗಳು ದರ್ಗಾದ ಅಂಗಳದಲ್ಲಿ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಅವಳಿಗೆ ಹೇಳಿದ್ದಾರೆ, ಬಂದೇನವಾಜರ ತಂದೆಯ ಗೋರಿ ಎಲ್ಲೋರಾ ಹತ್ತಿರ ಖುಲ್ದಾಬಾದ್ ಅನ್ನುವ ಊರಲ್ಲಿದೆ ಅಂತ. ಅವತ್ತಿನಿಂದ ಒಂದೇ ಮಾತು. "ಇಷ್ಟು ವರ್ಷ ಮಗನ ಮನಿಗೆ ಹೋದೆ, ಅಪ್ಪನ ಮನಿ ಒಂದು ಸಲನೂ ನೋಡಿಲ್ಲ."

ಸರಿ ಅಂತ ನಾನು ಹುಡುಕಿದೆ. ಖುಲ್ದಾಬಾದ್ ಅಂತ ಹಾಕಿದರೆ ಬರೀ ಔರಂಗಜೇಬನ ಗೋರಿ, ಅದರ ಜಗಳ, ಪೊಲೀಸ್ ಕಾವಲು. ಬಂದೇನವಾಜರ ತಂದೆಯ ಬಗ್ಗೆ ಎರಡು ಸಾಲಿಗಿಂತ ಜಾಸ್ತಿ ಸಿಗಲಿಲ್ಲ. ದೀಪಾವಳಿ ರಜೆಯಲ್ಲಿ ಕಾರು ತೆಗೆದುಕೊಂಡು ಹೋಗೋಣ ಅಂದುಕೊಂಡಿದ್ದೇವೆ. ನಿಜವಾಗಿ ಅವರ ದರ್ಗಾ ಅಲ್ಲಿ ಇದೆಯಾ? ಹೆಂಗಸರು ಹೋಗಬಹುದಾ? ಅವ್ವನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ಒಂದು ದಿನ ಸಾಕಾ? ಈಗ ಅಲ್ಲಿ ಹೋಗುವುದಕ್ಕೆ ತೊಂದರೆ ಏನೂ ಇಲ್ಲ ತಾನೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸೊಲ್ಲಾಪುರದ_ದಾರಿ:

ಇದೆ ಅಕ್ಕ, ಖಂಡಿತ ಇದೆ. ನಾನು ಮೂರು ಸಲ ಹೋಗಿದ್ದೇನೆ. ರಿಕ್ಷಾದವರಿಗೆ "ರಾಜೂ ಕತ್ತಾಲ್ ದರ್ಗಾ" ಅನ್ನಿ, ಬಂದೇನವಾಜರ ತಂದೆ ಅಂತಲೂ ಹೇಳಿ. ಊರ ನಡುವಿನ ದೊಡ್ಡ ದರ್ಗಾಗಳಲ್ಲಿ ಇದು ಸೇರಿಲ್ಲ, ಸ್ವಲ್ಪ ಆಚೆ ಇದೆ. ಕೇಳಿಕೊಂಡು ಹೋಗದಿದ್ದರೆ ತಪ್ಪಿಸಿಕೊಂಡು ಬಂದುಬಿಡುತ್ತೀರಿ, ಮೊದಲ ಸಲ ನನಗೂ ಹಾಗೇ ಆಯ್ತು.

ದಾರಿ ಸುಲಭ. ಕಲಬುರಗಿಯಿಂದ ಸೊಲ್ಲಾಪುರ, ಅಲ್ಲಿಂದ ತುಳಜಾಪುರ, ಧಾರಾಶಿವ, ಬೀಡ್ ಮೇಲೆ ಛತ್ರಪತಿ ಸಂಭಾಜಿನಗರ, ಅಂದರೆ ನಮ್ಮ ಬಾಯಲ್ಲಿ ಇನ್ನೂ ಉಳಿದಿರುವ ಔರಂಗಾಬಾದ್. ಒಟ್ಟು 400 ಕಿಲೋಮೀಟರ್ ದಾಟುತ್ತದೆ. ವಯಸ್ಸಾದವರು ಇರುವುದರಿಂದ ಒಂದೇ ದಿನ ಓಡಿಸಬೇಡಿ, ತುಳಜಾಪುರದಲ್ಲಿ ಭವಾನಿ ದರ್ಶನ ಮಾಡಿಕೊಂಡು ಅಲ್ಲೇ ಸ್ವಲ್ಪ ಸುಧಾರಿಸಿಕೊಳ್ಳಿ. ಔರಂಗಾಬಾದಿನಿಂದ ಖುಲ್ದಾಬಾದಿಗೆ ಸುಮಾರು 25 ಕಿಲೋಮೀಟರ್, ಮಧ್ಯೆ ದೌಲತಾಬಾದ್ ಕೋಟೆ ಬರುತ್ತದೆ. ಕೋಟೆಯನ್ನು ಅವ್ವ ಕೆಳಗಿನಿಂದ ನೋಡಿದರೆ ಸಾಕು, ಮೇಲಕ್ಕೆ ಏಳುನೂರಕ್ಕೂ ಜಾಸ್ತಿ ಮೆಟ್ಟಿಲು. ಖುಲ್ದಾಬಾದಿನಿಂದ ಎಲ್ಲೋರಾ ಐದು ಕಿಲೋಮೀಟರಿನೊಳಗೆ, ಅದರ ಹತ್ತಿರವೇ ಘೃಷ್ಣೇಶ್ವರ ಜ್ಯೋತಿರ್ಲಿಂಗ. ಗರ್ಭಗುಡಿಗೆ ಹೋಗುವ ಗಂಡಸರು ಅಂಗಿ ತೆಗೆಯಬೇಕು, ಮೊದಲೇ ಗೊತ್ತಿರಲಿ. ಎಲ್ಲೋರಾ ಮಂಗಳವಾರ ರಜೆ. ಗುರುವಾರ ದರ್ಗಾಗಳಲ್ಲಿ ಜನ ಜಾಸ್ತಿ. ಅವ್ವನಿಗೆ ಗುರುವಾರವೇ ಬೇಕು ಅನ್ನಿಸಿದರೆ ಬೆಳಿಗ್ಗೆ ಬೇಗ ಮುಗಿಸಿ.

ಇನ್ನೊಂದು. ಆಧಾರ್ ಕಾರ್ಡ್ ಜೊತೆಗಿರಲಿ. 2025ರ ಮಾರ್ಚಿನ ಗಲಾಟೆಯ ನಂತರ ಔರಂಗಜೇಬನ ಗೋರಿಯ ಹತ್ತಿರ ಕಾವಲು ಬಿಗಿ ಮಾಡಿದ್ದರು, ಹೆಸರು ಬರೆಸಿಕೊಳ್ಳುತ್ತಿದ್ದರು. ಉಳಿದ ಊರು ಅದರ ಪಾಡಿಗೆ ಅದು ಇದೆ. ನಮಗೆ ಯಾರೂ ಏನೂ ಅನ್ನಲಿಲ್ಲ.

ಹಳೇ_ಶಾಸನ:

ನಿಮ್ಮ ಅವ್ವ ಹೇಳಿದ "ಅಪ್ಪನ ಮನಿ" ಅನ್ನುವ ಮಾತು ಎಷ್ಟು ಸರಿಯಾಗಿದೆ ಅಂತ ಹೇಳಬೇಕು ಅನ್ನಿಸಿತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಬಂದೇನವಾಜರು ಹುಟ್ಟಿದ್ದು ದೆಹಲಿಯಲ್ಲಿ, 1321ರಲ್ಲಿ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೇವಗಿರಿಗೆ ತಂದು ಅದಕ್ಕೆ ದೌಲತಾಬಾದ್ ಅಂತ ಹೆಸರಿಟ್ಟ ಅಲ್ವಾ, ನಾವೆಲ್ಲ ಶಾಲೆಯಲ್ಲಿ ಓದಿದ ಕತೆ. ಆಗ ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು ಎಲ್ಲರೂ ದಕ್ಷಿಣಕ್ಕೆ ಹೊರಡಬೇಕಾಯಿತು. ಆ ಗುಂಪಿನಲ್ಲಿ ಈ ಹುಡುಗನ ಮನೆಯವರೂ ಇದ್ದರು. ತಂದೆಯ ಹೆಸರು ಸಯ್ಯದ್ ಯೂಸುಫ್ ಹುಸೇನಿ, ಜನ ಕರೆದದ್ದು ರಾಜೂ ಕತ್ತಾಲ್ ಅಂತ. ಬಂದು ಕೆಲವೇ ವರ್ಷಕ್ಕೆ, 1331ರ ಸುಮಾರಿಗೆ, ಅವರು ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. ತಂದೆಯನ್ನು ದೌಲತಾಬಾದಿನ ಪಕ್ಕದ ಗುಡ್ಡದ ಮೇಲಿನ ಈ ಊರಲ್ಲಿ ಮಣ್ಣು ಮಾಡಿದರು. ಹುಡುಗ ಹದಿನೈದರ ಹೊತ್ತಿಗೆ ತಾಯಿಯ ಜೊತೆ ದೆಹಲಿಗೆ ವಾಪಸ್ ಹೋದ. ಅಲ್ಲಿ ನಸೀರುದ್ದೀನ್ ಚಿರಾಗ್ ದೆಹ್ಲವಿಯವರ ಶಿಷ್ಯನಾಗಿ, ಮುಂದೆ ಅವರ ಜಾಗದಲ್ಲಿ ಕೂತು, ಮುದುಕರಾಗುವವರೆಗೆ ಅಲ್ಲೇ ಇದ್ದರು.

1398ರಲ್ಲಿ ತೈಮೂರ್ ದೆಹಲಿಯ ಮೇಲೆ ಬಂದ. ಬಂದೇನವಾಜರು ಊರು ಬಿಟ್ಟರು. ವಯಸ್ಸು ಎಂಬತ್ತರ ಹತ್ತಿರ. ಗ್ವಾಲಿಯರ್, ಗುಜರಾತ್ ಸುತ್ತಿ ಅವರು ಬಂದದ್ದು ದೌಲತಾಬಾದಿಗೆ, ತಂದೆಯ ಗೋರಿಯ ದರ್ಶನಕ್ಕೆ. ಹದಿನೈದರಲ್ಲಿ ಬಿಟ್ಟು ಹೋದ ಗೋರಿಯ ಮುಂದೆ ಅರವತ್ತು ವರ್ಷ ದಾಟಿದ ಮೇಲೆ ಬಂದು ನಿಂತರು. ಅದಾದ ಮೇಲೆ ಫಿರೋಜ್ ಶಾಹ್ ಬಹಮನಿಯ ಕರೆಗೆ ಒಪ್ಪಿ ಕಲಬುರಗಿಗೆ ಬಂದರು. ಇಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದ್ದು 1422ರಲ್ಲಿ ತೀರಿಕೊಂಡರು, ನೂರು ದಾಟಿತ್ತು. ಅಂದರೆ ಅವರು ನಮ್ಮ ಊರಿಗೆ ಬಂದದ್ದೇ ಅಪ್ಪನ ಗೋರಿ ನೋಡಿಕೊಂಡು. ನೀವು ಅದೇ ದಾರಿಯನ್ನು ತಿರುಗಿಸಿ ಹೋಗುತ್ತಿದ್ದೀರಿ.

ಊರಿನ ಬಗ್ಗೆ ಇನ್ನಷ್ಟು. ಹಳೆಯ ಹೆಸರು ರೌಜಾ. ಅಲ್ಲಿನ ಸಂತರು ಹೆಚ್ಚಿನವರು ಚಿಶ್ತಿ ಅನ್ನುವ ಸೂಫಿ ಪಂಥದವರು, ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಕಡೆಯವರು. ಮೊದಲು ಬಂದವರಲ್ಲಿ ಮುಂತಜಬುದ್ದೀನ್, ಜನರ ಬಾಯಲ್ಲಿ ಜರ್ ಜರಿ ಜರ್ ಬಖ್ಷ್, ಚಿನ್ನ ಕೊಡುವವರು. 1309ರಲ್ಲಿ ತೀರಿಕೊಂಡರು. ಅವರ ಉರುಸೇ ಆ ಊರಿನ ದೊಡ್ಡ ಜಾತ್ರೆ. ಅವರ ಸಹೋದರ ಬುರ್ಹಾನುದ್ದೀನ್ ಗರೀಬ್ ತುಘಲಕನ ಕಾಲದಲ್ಲಿ ಬಂದರು, ಆಗಲೇ ವಯಸ್ಸಾಗಿತ್ತು, 1337ರಲ್ಲಿ ತೀರಿಕೊಂಡರು. ಹಾಡು ಕೇಳುತ್ತಾ ಮೈಮರೆತು ಕುಣಿಯುತ್ತಿದ್ದರಂತೆ. ಏಳುನೂರು ಪಲ್ಲಕ್ಕಿಯಲ್ಲಿ ಏಳುನೂರು ಸಂತರು ಬಂದರು ಅಂತ ಊರಲ್ಲಿ ಹೇಳುತ್ತಾರೆ. ಪಲ್ಲಕ್ಕಿ ಎಷ್ಟಿದ್ದವೋ ಇರಲಿ, ಆ ಗುಡ್ಡದ ಮೇಲೆ ನೀವು ಎಲ್ಲಿ ಕಣ್ಣು ಹಾಯಿಸಿದರೂ ಒಂದು ಗುಮ್ಮಟ, ಒಂದು ಗೋರಿ ಕಾಣುತ್ತದೆ, ಅದಂತೂ ನಿಜ. ಮಧ್ಯಪ್ರದೇಶದ ಬುರ್ಹಾನ್‌ಪುರ ಇದೆಯಲ್ಲ, ಅದಕ್ಕೆ ಹೆಸರು ಬಂದದ್ದು ಈ ಬುರ್ಹಾನುದ್ದೀನರಿಂದ. ತಾಪಿ ನದಿಯ ಆಚೆ ದಡದ ಜೈನಾಬಾದಿಗೆ ಹೆಸರು ಅವರ ಉತ್ತರಾಧಿಕಾರಿ ಜೈನುದ್ದೀನ್ ಶಿರಾಜಿಯವರಿಂದ.

ಈ ಜೈನುದ್ದೀನರ ಒಂದು ಪ್ರಸಂಗ ಕಲಬುರಗಿಯವರು ಕೇಳಲೇಬೇಕು. ಬಿಜಾಪುರದ ಆದಿಲ್ ಶಾಹಿ ಆಸ್ಥಾನದಲ್ಲಿದ್ದ ಫರಿಷ್ತಾ ಬರೆದಿಟ್ಟಿದ್ದಾನೆ. 1366ರ ಹೊತ್ತಿಗೆ ದೌಲತಾಬಾದಿನಲ್ಲಿ ಬಹಮನಿಗಳ ವಿರುದ್ಧ ದಂಗೆ ಎದ್ದಿತು. ಕಲಬುರಗಿಯಿಂದ ಸುಲ್ತಾನ ಮುಹಮ್ಮದ್ ಶಾಹ್ ಸೈನ್ಯ ತೆಗೆದುಕೊಂಡು ಬಂದ. ಸೋತ ದಂಗೆಕೋರರು ಜೈನುದ್ದೀನರ ಹತ್ತಿರ ಓಡಿ ಬಂದು ಏನು ಮಾಡಲಿ ಅಂದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಜರಾತಿಗೆ ಹೋಗಿಬಿಡಿ ಅಂದರು ಇವರು. ಮೊದಲೇ ಸುಲ್ತಾನನಿಗೆ ಇವರ ಮೇಲೆ ಸಿಟ್ಟಿತ್ತು, ಕುಡಿಯುವ ರಾಜನನ್ನು ನಾನು ಒಪ್ಪುವುದಿಲ್ಲ ಅಂತ ಇವರು ಹೇಳಿದ್ದರು. ಊರು ಬಿಟ್ಟು ಹೋಗು ಅಂತ ಅಪ್ಪಣೆ ಬಂತು. ಜೈನುದ್ದೀನರು ಜಾನಮಾಜ್, ಅಂದರೆ ನಮಾಜಿನ ಚಾಪೆ, ಹೆಗಲಿಗೆ ಹಾಕಿಕೊಂಡು ಸೀದಾ ಗುರುವಿನ ಗೋರಿಗೆ ಬಂದರು, ಕೋಲನ್ನು ನೆಲಕ್ಕೆ ನೆಟ್ಟರು, ಜಾನಮಾಜ್ ಹಾಸಿ ಕೂತರು. ಇಲ್ಲಿಂದ ನನ್ನನ್ನು ಎಬ್ಬಿಸುವ ಗಂಡಸು ಯಾರಿದ್ದಾನೋ ನೋಡೋಣ ಅಂದರು. ಸುಲ್ತಾನನೇ ಸೋತ. ರಾಜಿಗೆ ಹೇಳಿ ಕಳಿಸಿದ. ಸರಿ, ನಿನ್ನ ರಾಜ್ಯದ ಹೆಂಡದಂಗಡಿ ಮುಚ್ಚಿಸು ಅಂದರು ಇವರು, ಅವನು ಮುಚ್ಚಿಸಿದ. ಕೋಲು ನೆಟ್ಟು ಕೂತ ಆ ಗೋರಿ ನೀವು ನೋಡಲಿರುವ ಬುರ್ಹಾನುದ್ದೀನ್ ದರ್ಗಾ. ಎದುರಿಗೆ ರಸ್ತೆಯ ಆಚೆ ಜೈನುದ್ದೀನರದ್ದು. ಗುರು ಶಿಷ್ಯ ಇಬ್ಬರೂ ಎದುರೆದುರು ಇದ್ದಾರೆ.

ಮಳಖೇಡದವ:

ಮಾಹಿತಿಗೆ ಥ್ಯಾಂಕ್ಸ್. ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ, ಜಗಳಕ್ಕೆ ಅಲ್ಲ. ನಮ್ಮ ಮನೆಯಲ್ಲಿ ಮರಾಠಿ ಸಂಬಂಧ ಇದೆ, ನನ್ನ ಹೆಂಡತಿ ಲಾತೂರಿನವಳು. ಶಿವಾಜಿಯ ಮಗ ಸಂಭಾಜಿ ಮಹಾರಾಜರನ್ನು 1689ರಲ್ಲಿ ಹೇಗೆ ಹಿಂಸೆ ಕೊಟ್ಟು ಕೊಂದರು ಅಂತ ಅವರ ಮನೆಯ ಮಕ್ಕಳಿಗೂ ಗೊತ್ತು. ಕೊಲ್ಲಿಸಿದ ಔರಂಗಜೇಬನ ಗೋರಿ ಇರುವ ಊರಿಗೆ ಹರಕೆ ಅಂತ ಹೋಗುವುದು ನನಗೆ ಆಗುವುದಿಲ್ಲ. ಎಲ್ಲೋರಾಕ್ಕೆ ಎರಡು ಸಲ ಹೋಗಿದ್ದೇನೆ, ಕೈಲಾಸ ಕಟ್ಟಿಸಿದ ಒಂದನೆಯ ಕೃಷ್ಣನ ರಾಷ್ಟ್ರಕೂಟರಿಗೆ ಮುಂದೆ ನಮ್ಮ ಮಳಖೇಡವೇ ರಾಜಧಾನಿ ಆಯಿತಲ್ಲ, ಆ ಹೆಮ್ಮೆ ನನಗಿದೆ. ಎರಡೂ ಸಲ ಖುಲ್ದಾಬಾದಿನ ತಿರುವಿನಲ್ಲಿ ಗಾಡಿ ತಿರುಗಿಸಲಿಲ್ಲ.

ಹಳೇ_ಶಾಸನ:

ನಿಮ್ಮ ನೋವು ನನಗೆ ಅರ್ಥ ಆಗುತ್ತದೆ. ಸಂಭಾಜಿಗೆ ಮಾಡಿದ್ದನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಕಾಲದ ಲೆಕ್ಕ ನೋಡಿ. ಔರಂಗಜೇಬ ಸತ್ತದ್ದು 1707ರಲ್ಲಿ, ಅಹ್ಮದ್‌ನಗರದಲ್ಲಿ. ಬುರ್ಹಾನುದ್ದೀನರು ತೀರಿಕೊಂಡು ಆಗಲೇ 370 ವರ್ಷ. ಅವನು ಆ ಊರನ್ನು ಮಾಡಲಿಲ್ಲ, ಆ ಊರಿಗೆ ಬಂದು ಸೇರಿಕೊಂಡ. ಜೈನುದ್ದೀನರ ಅಂಗಳದ ಒಂದು ಮೂಲೆಯಲ್ಲಿ ಜಾಗ ಕೇಳಿದ. ಗುಮ್ಮಟ ಬೇಡ ಅಂದಿದ್ದ, ಆಕಾಶವೇ ಮೇಲೆ, ಗೋರಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಒಂದು ಗಿಡ. ಸುತ್ತ ಇರುವ ಅಮೃತಶಿಲೆಯ ಜಾಲಿ ಆಮೇಲೆ ನಿಜಾಮರ ಕಾಲದಲ್ಲಿ ಹಾಕಿಸಿದ್ದು. ಖುಲ್ದಾಬಾದ್ ಅನ್ನುವ ಹೆಸರು ಮಾತ್ರ ಅವನಿಂದ ಬಂತು, ಸತ್ತ ಮೇಲೆ ಅವನನ್ನು ಖುಲ್ದ್ ಮಕಾನ್, ಅಂದರೆ ಸ್ವರ್ಗದಲ್ಲಿ ನೆಲೆಸಿದವನು, ಅಂತ ಕರೆದರು. ಹೆಸರು ಅವನದ್ದು ಅಂತ ಊರೂ ಅವನದ್ದು ಆಗುವುದಿಲ್ಲ.

ಇನ್ನೂ ಒಂದು ವಿಷಯ. ಅವನು ಗೆದ್ದವರೂ ಅದೇ ಮಣ್ಣಿನಲ್ಲಿ ಇದ್ದಾರೆ. 1687ರಲ್ಲಿ ಗೋಲ್ಕೊಂಡ ಬಿತ್ತಲ್ಲ, ಅಲ್ಲಿನ ಕೊನೆಯ ರಾಜ ಅಬುಲ್ ಹಸನ್ ತಾನಾ ಶಾಹ್. ಅವನನ್ನು ದೌಲತಾಬಾದ್ ಕೋಟೆಯಲ್ಲಿ ಸಾಯುವವರೆಗೆ ಸೆರೆಯಲ್ಲಿಟ್ಟರು. ಹೈದರಾಬಾದಿನಲ್ಲಿ ತಾನಾ ಶಾಹನ ಗುರು ಶಾಹ್ ರಾಜು ಅಂತ, ಬಂದೇನವಾಜರ ವಂಶದವರು. ಸತ್ತ ಮೇಲೆ ತಾನಾ ಶಾಹನನ್ನು ಮಣ್ಣು ಮಾಡಿದ್ದು ಎಲ್ಲಿ ಗೊತ್ತಾ? ಖುಲ್ದಾಬಾದಿನ ರಾಜೂ ಕತ್ತಾಲ್ ದರ್ಗಾದ ಹತ್ತಿರ. ಗುರುವಿನ ವಂಶದ ಹಿರಿಯರ ಪಕ್ಕ. ರಾಜ್ಯ ಕಳೆದುಕೊಂಡವನಿಗೆ ಅದೊಂದು ಜಾಗ ಸಿಕ್ಕಿತು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮುಂದಿನ ಸಲ ಆ ತಿರುವಿನಲ್ಲಿ ಗಾಡಿ ತಿರುಗಿಸಿ. ಔರಂಗಜೇಬನ ಕಡೆ ಹೋಗಲೇಬೇಕು ಅಂತ ಯಾರೂ ಹೇಳುವುದಿಲ್ಲ.

ಬೀದರ್_ಬಿದ್ರಿ:

ಅಕ್ಕ, ನಾನೂ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಹೆಂಗಸರ ವಿಷಯ ನಾನು ಹೇಳುತ್ತೇನೆ. ಅಂಗಳಕ್ಕೆ ಹೋಗಬಹುದು, ಕೂರಬಹುದು, ಎಷ್ಟು ಹೊತ್ತಾದರೂ. ಗೋರಿ ಇರುವ ಒಳಕೋಣೆಗೆ ಮಾತ್ರ ಹಲವು ಕಡೆ ಹೆಂಗಸರನ್ನು ಬಿಡುವುದಿಲ್ಲ, ಬಾಗಿಲ ಹೊರಗೆ ನಿಂತು ಬೇಡಿಕೊಳ್ಳಬೇಕು. ಕಲಬುರಗಿಗೆ ಹೋಗಿ ರೂಢಿ ಇರುವ ಅವ್ವನಿಗೆ ಇದು ಹೊಸದಲ್ಲ. ತಲೆಯ ಮೇಲೆ ಸೆರಗು ಸಾಕು. ಕಲ್ಲು ಹಾಸಿದ ಅಂಗಳ ಬಿಸಿಲಿಗೆ ಸುಡುತ್ತದೆ, ಅವ್ವನಿಗೆ ಒಂದು ಜೊತೆ ದಪ್ಪ ಕಾಲುಚೀಲ ತನ್ನಿ. ಒಂದು ಮಡಚುವ ಸ್ಟೂಲ್ ಇದ್ದರೆ ಇನ್ನೂ ಒಳ್ಳೆಯದು, ನೆಲದಲ್ಲಿ ಕೂತು ಏಳುವುದು ಮಂಡಿ ನೋವಿನವರಿಗೆ ಕಷ್ಟ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಗಾಡಿ ನಿಲ್ಲಿಸಿದ ಕೂಡಲೇ ಒಬ್ಬ ಬಂದು ಎಲ್ಲಾ ದರ್ಗಾ ತೋರಿಸುತ್ತೇನೆ ಅಂದ, ರೇಟು ಕೇಳದೆ ಹೊರಟೆವು. ಕೊನೆಗೆ ಸಾವಿರದ ಐನೂರು ಕೇಳಿದ. ಅತ್ತೆಗೆ ಬೇಜಾರಾಯಿತು, ದೇವರ ಜಾಗದಲ್ಲಿ ಚೌಕಾಸಿ ಮಾಡಬೇಕಾಯಿತಲ್ಲ ಅಂತ. ನೀವು ಮೊದಲೇ ಮಾತಾಡಿಕೊಳ್ಳಿ, ಇಲ್ಲಾಂದ್ರೆ ಸುಮ್ನೆ ನೀವೇ ನೋಡಿ, ಅಂಗಡಿಯವರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಮಲಿಕ್ ಅಂಬರನ ಗೋರಿ ತಪ್ಪಿಸಬೇಡಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರದ ನಿಜಾಮಶಾಹಿಯನ್ನೇ ನಡೆಸಿದವನು. ಮೊಘಲರನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ತಡೆದ. ಇವತ್ತಿನ ಔರಂಗಾಬಾದ್ ಮೊದಲು ಖಡ್ಕಿ ಅಂತ ಇತ್ತು, ಅದನ್ನು ಊರು ಮಾಡಿ, ನೆಲದಡಿಯ ಕಾಲುವೆಯಿಂದ ನೀರು ತಂದವನೂ ಇವನೇ. 1626ರಲ್ಲಿ ಸತ್ತ. ಅವನ ಗೋರಿಯ ಮುಂದೆ ನಾವು ಹೋದಾಗ ನಮ್ಮನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ. ನನ್ನ ಮಗಳು ಹತ್ತನೇ ಕ್ಲಾಸು, ಅವಳಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಇವನೊಬ್ಬನೇ.

ಮತ್ತೆ ಭದ್ರಾ ಮಾರುತಿ. ಅದೂ ಖುಲ್ದಾಬಾದಿನಲ್ಲೇ ಇದೆ. ಅಲ್ಲಿ ಹನುಮಂತ ನಿಂತಿಲ್ಲ, ಮಲಗಿದ್ದಾನೆ. ಹನುಮ ಜಯಂತಿಗೆ, ಶ್ರಾವಣ ಶನಿವಾರಕ್ಕೆ ಔರಂಗಾಬಾದಿನಿಂದ ರಾತ್ರಿಯಿಡೀ ನಡೆದುಕೊಂಡು ಜನ ಬರುತ್ತಾರೆ. ಹತ್ತಿರದ ಸೂಲಿಭಂಜನದಲ್ಲಿ ಮರಾಠಿ ಸಂತ ಏಕನಾಥ ಮಹಾರಾಜರು ತಪಸ್ಸು ಮಾಡಿದರು ಅಂತ ನಂಬಿಕೆ, ದತ್ತನ ಗುಡಿ ಇದೆ. ಸುದ್ದಿಯಲ್ಲಿ ಇವು ಯಾವುವೂ ಬರುವುದಿಲ್ಲ.

ನಮ್ಮ ಬೀದರಿನ ಮಾತೂ ಒಂದು ಸೇರಿಸುತ್ತೇನೆ. ಕಲಬುರಗಿಯಲ್ಲಿ ಬಂದೇನವಾಜರ ದೊಡ್ಡ ಗುಮ್ಮಟ ಕಟ್ಟಿಸಿದವನು ಅಹ್ಮದ್ ಶಾಹ್ ಬಹಮನಿ. ಅವನ ಗೋರಿ ನಮ್ಮ ಅಷ್ಟೂರಿನಲ್ಲಿದೆ. ಪ್ರತಿ ವರ್ಷ ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಅವರು ಬರದೆ ಉರುಸು ನಡೆಯುವುದಿಲ್ಲ.

ಜೋಳದರೊಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಎಲ್ಲಾ ಓದಿ ಹೇಳಿದೆ. ಎಂಬತ್ತು ವರ್ಷದಲ್ಲಿ ಅಪ್ಪನ ಗೋರಿಗೆ ಬಂದರು ಅನ್ನುವ ಕಡೆ ಬಂದಾಗ ಕಣ್ಣೀರು ಹಾಕಿದಳು, ಇನ್ನೊಂದು ಸಲ ಓದು ಅಂದಳು. ಮಳಖೇಡದ ಅಣ್ಣನ ಮಾತಿಗೂ "ಅವನ ಮನಸಿಗಿ ನೋವು ಆಗ್ಯಾದ, ಒತ್ತಾಯ ಮಾಡಬ್ಯಾಡ್ರಿ" ಅಂದಳು. ಒಂದು ಕೇಳುವುದಿತ್ತು. ಇಲ್ಲಿಂದ ಚಾದರ ತೆಗೆದುಕೊಂಡು ಹೋಗಬೇಕಾ, ಅಲ್ಲೇ ಸಿಗುತ್ತದಾ?

ಸೊಲ್ಲಾಪುರದ_ದಾರಿ:

ದೊಡ್ಡ ದರ್ಗಾಗಳ ಮುಂದೆ ಹೂ, ಚಾದರ, ಊದುಬತ್ತಿ ಎಲ್ಲಾ ಸಿಗುತ್ತದೆ. ರಾಜೂ ಕತ್ತಾಲ್ ಹತ್ತಿರ ಅಂಗಡಿ ಸಿಗದೇ ಹೋಗಬಹುದು, ಊರ ನಡುವೆಯೇ ತೆಗೆದುಕೊಂಡು ಹೋಗಿ. ನಾನಾಗಿದ್ದರೆ ಕಲಬುರಗಿಯ ದರ್ಗಾದ ಮುಂದಿನ ಅಂಗಡಿಯಿಂದಲೇ ಒಯ್ಯುತ್ತಿದ್ದೆ. ಮಗನ ಊರಿಂದ ಬಂದದ್ದು ಅಂತ ಆಗುತ್ತದೆ ಅಲ್ವಾ.

ಮರೆತಿದ್ದೆ. ಎಲ್ಲೋರಾ ದಾಟಿ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಒಂದು ತಾಲೂಕು ಊರು ಬರುತ್ತದೆ, ಅದರ ಹೆಸರೇ ಕನ್ನಡ. ಸಮಯ ಇದ್ದರೆ ಹೋಗಿ ಬೋರ್ಡಿನ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಿ.

ಜೋಳದರೊಟ್ಟಿ:

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು, ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ಚಾದರ ಇಲ್ಲಿಂದಲೇ ಒಯ್ದೆವು. ಹಸಿರು ಚಾದರ, ಅಂಗಡಿಯವನಿಗೆ ಎಲ್ಲಿಗೆ ಅಂತ ಹೇಳಿದಾಗ ದುಡ್ಡು ಕಡಿಮೆ ತೆಗೆದುಕೊಂಡ. ತುಳಜಾಪುರದಲ್ಲಿ ರಾತ್ರಿ ಉಳಿದೆವು. ಮರುದಿನ ದೌಲತಾಬಾದ್ ದಾಟಿದ ಮೇಲೆ ಘಾಟಿ ಶುರು, ರಸ್ತೆ ಬದಿಯಲ್ಲಿ ಬುಟ್ಟಿ ಬುಟ್ಟಿ ಸೀತಾಫಲ. ಅವ್ವ ಎರಡು ಕಡೆ ಗಾಡಿ ನಿಲ್ಲಿಸಿದಳು.

ಮೊದಲು ಬುರ್ಹಾನುದ್ದೀನ್ ದರ್ಗಾ. ಕೋಲು ನೆಟ್ಟ ಕತೆ ನೆನಪಿತ್ತು, ನಾನು ಆ ಅಂಗಳದಲ್ಲಿ ನಿಂತು ಎದುರಿನ ದರ್ಗಾ ನೋಡಿದೆ. ನಮ್ಮ ರಾಜಧಾನಿಯಿಂದ ಬಂದ ಅಪ್ಪಣೆಗೆ ಒಬ್ಬ ಮನುಷ್ಯ ಇಲ್ಲಿ ಸುಮ್ಮನೆ ಕೂತು ಇಲ್ಲ ಅಂದನಲ್ಲ ಅಂತ ಅನ್ನಿಸಿ ಮೈ ಜುಂ ಅಂದಿತು. ಅದೇ ಅಂಗಳದಲ್ಲಿ ಮೊದಲನೆಯ ನಿಜಾಮನ ಗೋರಿಯೂ ಇದೆ. ನಮ್ಮ ಅಜ್ಜ ನಿಜಾಮರ ರಾಜ್ಯದಲ್ಲಿ ಹುಟ್ಟಿದವರು. 1956ರವರೆಗೆ ಖುಲ್ದಾಬಾದ್, ಕಲಬುರಗಿ ಎರಡೂ ಹೈದರಾಬಾದ್ ರಾಜ್ಯವೇ ಅಲ್ವಾ, ಊರಿನ ಮಾತು, ಮನೆ ಕಟ್ಟಿದ ರೀತಿ ನೋಡಿದರೆ ಬೇರೆ ರಾಜ್ಯಕ್ಕೆ ಬಂದ ಹಾಗೆ ಅನ್ನಿಸಲಿಲ್ಲ. ಅವ್ವ ತನ್ನ ಕಲಬುರಗಿ ಹಿಂದಿಯಲ್ಲೇ ಎಲ್ಲರ ಹತ್ತಿರ ಮಾತಾಡಿದಳು.

ಔರಂಗಜೇಬನ ಗೋರಿಗೆ ಹೋಗಲಿಲ್ಲ. ನಾನು ಕೇಳಿದೆ, ಅವಳು ಬೇಡ ಅಂದಳು, "ನಾವು ಅವನ್ನ ನೋಡಾಕ ಬಂದಿಲ್ಲ." ಅಷ್ಟೇ.

ರಾಜೂ ಕತ್ತಾಲ್ ದರ್ಗಾ ಹುಡುಕುವುದಕ್ಕೆ ಅರ್ಧ ಗಂಟೆ ಆಯಿತು. ಒಬ್ಬ ಹುಡುಗ ಸೈಕಲ್ಲಿನಲ್ಲಿ ಮುಂದೆ ಹೋಗಿ ತೋರಿಸಿದ, ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಸೀತಾಫಲ ತೆಗೆದುಕೊಂಡ. ಜನ ಇರಲಿಲ್ಲ. ದರ್ಗಾ ನೋಡಿಕೊಳ್ಳುವ ಒಬ್ಬ ವಯಸ್ಸಾದ ಮುಜಾವರರು ಇದ್ದರು, ಎಲ್ಲಿಂದ ಬಂದಿರಿ ಅಂದರು. ಗುಲ್ಬರ್ಗಾ ಅಂದೆ. ಅವರು ಎದ್ದು ನಿಂತರು. ಅವ್ವನಿಗೆ ತಮ್ಮ ಕುರ್ಚಿ ಕೊಟ್ಟರು. ಚಾದರವನ್ನು ನಮ್ಮ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದರು. ಅವ್ವ ಬಾಗಿಲ ಹತ್ತಿರ ಕೂತು ನೋಡಿದಳು. ಏನು ಬೇಡಿಕೊಂಡೆ ಅಂತ ಆಮೇಲೆ ಕೇಳಿದೆ. ಏನೂ ಬೇಡಿಕೊಳ್ಳಲಿಲ್ಲವಂತೆ. "ನಿಮ್ಮ ಮಗ ಚೊಲೋ ಅದಾರ ಅಂತ ಹೇಳಿ ಬಂದೆ" ಅಂದಳು.

ತಾನಾ ಶಾಹನ ಗೋರಿಯನ್ನೂ ಮುಜಾವರರೇ ತೋರಿಸಿದರು. ನಮ್ಮ ಹತ್ತಿರ ಉಳಿದಿದ್ದ ಹೂವನ್ನು ಅವ್ವ ಅದರ ಮೇಲೆ ಹಾಕಿದಳು, ಇವನಿಗೆ ಯಾರು ಹಾಕುತ್ತಾರೆ ಅಂತ.

ಭದ್ರಾ ಮಾರುತಿಗೆ ಸಂಜೆ ಹೋದೆವು. "ಹನುಮಪ್ಪನೂ ದಣಿದು ಮಲಗ್ಯಾನ ನೋಡು" ಅಂತ ಹೇಳಿ ಸ್ವಲ್ಪ ಹೊತ್ತು ತಾನೂ ಕಂಬಕ್ಕೆ ಒರಗಿ ಕೂತಳು. ಎಲ್ಲೋರಾ ಮರುದಿನ. ಅವ್ವ ಕೈಲಾಸ ಒಂದೇ ನೋಡಿದಳು, ಮೇಲೆಲ್ಲ ಹತ್ತಲಿಲ್ಲ. ಕನ್ನಡ ಊರಿಗೆ ಹೋಗಲು ಆಗಲಿಲ್ಲ. ಬೀದರ್ ಅಕ್ಕ, ಕಾಲುಚೀಲದ ಮಾತು ಹೇಳಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮಲಿಕ್ ಅಂಬರನ ಗೋರಿ ನೋಡಿದೆವು, ಅಲ್ಲೂ ನಾವು ನಾವೇ.

ಹೊರಡುವಾಗ ಮುಜಾವರರು ಗೋರಿಯ ಮೇಲಿದ್ದ ಒಂದು ಹಿಡಿ ಗುಲಾಬಿ ಪಕಳೆ ಕಾಗದದಲ್ಲಿ ಕಟ್ಟಿ ಅವ್ವನ ಕೈಗೆ ಕೊಟ್ಟರು, ಗುಲ್ಬರ್ಗಾಕ್ಕೆ ಒಯ್ಯಿರಿ ಅಂತ. ಈಗ ಅದೇ ಚಿಂತೆ. ಕಾರಿನ ಬಿಸಿಗೆ ಪಕಳೆ ಎಲ್ಲಾ ಒಣಗಿ ಕಪ್ಪಾಗಿವೆ. ಗುರುವಾರ ಬಂದೇನವಾಜರಿಗೆ ಇದನ್ನು ಏರಿಸಬಹುದಾ, ಬಾಡಿದ ಹೂ ತಂದೆ ಅಂತ ತಪ್ಪಾಗುತ್ತದಾ ಅಂತ ಅವ್ವ ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ. ಗೊತ್ತಿದ್ದವರು ಹೇಳಿ.

ಬೀದರ್_ಬಿದ್ರಿ:

ಏನೂ ತಪ್ಪಿಲ್ಲ ಅಂತ ಅವ್ವನಿಗೆ ಹೇಳಿ. ಅದು ತಬರ್ರುಕ್, ನಮ್ಮ ಪ್ರಸಾದದ ಹಾಗೆ, ಬಾಡಿದರೂ ಅದೇ. ಕಾಗದ ಬಿಚ್ಚಬೇಡಿ, ಹಾಗೇ ಒಯ್ದು ಅಲ್ಲಿನವರ ಕೈಗೆ ಕೊಟ್ಟು ಎಲ್ಲಿಂದ ಬಂತು ಅಂತ ಹೇಳಿ.

ಮಳಖೇಡದವ:

ಗುರುವಾರ ನಾನು ಕಲಬುರಗಿಗೆ ಬರುವವನಿದ್ದೇನೆ, ಕೆಲಸ ಇದೆ. ಅವ್ವ ಎಷ್ಟು ಹೊತ್ತಿಗೆ ದರ್ಗಾಕ್ಕೆ ಹೋಗುತ್ತಾರೆ?